ಸಾಕ್ಷಿಚುಕ್ಕೆಯೂ ಅಲೆಮಾರಿ ಕಲ್ಲೂ

ಬಹಳ ಹಿಂದೆ, ಚುಕ್ಕೆಗಳು ಇನ್ನೂ ಈಗಿನಷ್ಟು ದೂರ ಸರಿದಿರದ ಕಾಲದಲ್ಲಿ, ಹೊಂಬೆಳಗು ಎಂಬ ರಾಜ್ಯದಲ್ಲಿ ಪದುಮಲೆ ಎಂಬ ಹುಡುಗಿಯಿದ್ದಳು. ಅವಳಿಗೊಂದು ಅಭ್ಯಾಸವಿತ್ತು. ಯಾರು ಏನೇ ಕೇಳಲಿ, ಮೊದಲು ಎಡಗಣ್ಣು ಮುಚ್ಚುವಳು. ಆಮೇಲೆ, ಕೇಳಿದ್ದನ್ನು ಬೇರೆ ಎರಡರ ನಡುವೆ ಇಟ್ಟು ಉತ್ತರ ಹೇಳುವಳು.

"ಸಾರು ಹೇಗಿದೆಯೇ?" ಎಂದು ಜಕ್ಕವ್ವಜ್ಜಿ ಕೇಳಿದರೆ, ಎಡಗಣ್ಣು ಮುಚ್ಚುತ್ತಿತ್ತು.

"ನಿನ್ನೆಯದಕ್ಕಿಂತ ರುಚಿ. ಹಬ್ಬದ ದಿನದ್ದಕ್ಕಿಂತ ಸಪ್ಪೆ."

"ಚೆನ್ನಾಗಿದೆ ಅಂತ ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಪದುಮಲೆ ತಲೆ ತಗ್ಗಿಸಿ ನಗುತ್ತಿದ್ದಳು. ಬರೀ ಚೆನ್ನ ಎನ್ನುವುದು ಹೇಗೆಂದು ಅವಳಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಯಾವುದಕ್ಕಿಂತ ಚೆನ್ನ?

ಅಜ್ಜಿ ಮೊಮ್ಮಗಳು ಇಬ್ಬರೂ ಚುಕ್ಕೆಗಳ ಬೆಳಕು ತೂಗುವವರು. ಅರಮನೆಯ ಹಿಂದಿನ ಬೋಳುಗುಡ್ಡದ ನೆತ್ತಿಯಲ್ಲಿ ಅವರ ಮನೆ. ಮನೆಯ ಪಕ್ಕದಲ್ಲಿ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಆನೆಯ ಸೊಂಡಿಲಿಗಿಂತ ಉದ್ದದ ಹಿತ್ತಾಳೆ ದುರ್ಬೀನು. ಅದರ ಕಣ್ಣಿಗೆ ಅಡ್ಡಲಾಗಿ ಒಂದು ಮಸಿಗಾಜಿನ ಪಟ್ಟಿ ಇತ್ತು. ಪಟ್ಟಿಯ ಒಂದು ತುದಿ ತಿಳಿ, ಹೋಗುತ್ತಾ ಹೋಗುತ್ತಾ ಇನ್ನೊಂದು ತುದಿ ಕಾಡಿಗೆಗಪ್ಪು. ದುರ್ಬೀನಿನಲ್ಲಿ ಚುಕ್ಕೆಯನ್ನು ಹಿಡಿದು, ಅದು ಮರೆಯಾಗುವ ತನಕ ಪಟ್ಟಿಯನ್ನು ಸರಿಸಬೇಕು. ಬೆಳಕಿನ ಚುಕ್ಕೆಯಾದರೆ ಕಪ್ಪಿನ ತನಕ ಸರಿಸಬೇಕಾದೀತು. ಮಂಕು ಚುಕ್ಕೆ ಬೇಗ ಮುಳುಗುತ್ತದೆ.

ಆದರೆ ಆಕಾಶ ದಿನಕ್ಕೊಂದು ಥರ. ಒಂದು ರಾತ್ರಿ ತಿಳಿ, ಇನ್ನೊಂದು ರಾತ್ರಿ ಧೂಳು. ಹಾಗಾಗಿ ಒಂದೇ ಚುಕ್ಕೆಯ ಅಳತೆಯನ್ನು ನಂಬುವಂತಿಲ್ಲ. ದೊರೆಯ ಹೆಸರಿನ ರಾಯಚುಕ್ಕೆಯನ್ನು ಅಳೆದ ಕೂಡಲೇ ಪಕ್ಕದ ಇನ್ನೊಂದನ್ನೂ ಅಳೆದು, ಎರಡಕ್ಕೂ ಇರುವ ಅಂತರವನ್ನಷ್ಟೇ ಹೇಳಬೇಕು. ಧೂಳು ಬಂದರೆ ಎರಡಕ್ಕೂ ಬರುತ್ತದಲ್ಲ. ಆ ಪಕ್ಕದ ಚುಕ್ಕೆಗೆ ಸಾಕ್ಷಿಚುಕ್ಕೆ ಎಂದು ಹೆಸರು. ಮುತ್ತಜ್ಜಿಯ ಮುತ್ತಜ್ಜಿಯ ಕಾಲದಿಂದಲೂ ಅದೇ ಸಾಕ್ಷಿ. ಅದು ಬದಲಾಗದ ಚುಕ್ಕೆ ಎಂದು ಎಲ್ಲರೂ ಹೇಳುತ್ತಿದ್ದರು. ರಾಯಚುಕ್ಕೆ ಯಾವಾಗಲೂ ಸಾಕ್ಷಿಗಿಂತ ಒಂದು ಕೈ ಮೇಲು.

ಹೊಂಬೆಳಗಿನ ಕಟ್ಟಳೆ ಹೀಗಿತ್ತು: ರಾಯಚುಕ್ಕೆಯ ಬೆಳಕು ಸಾಕ್ಷಿಗಿಂತ ಕೆಳಗಿಳಿದರೆ ದೊರೆಯ ಪುಣ್ಯ ಮುಗಿಯಿತು. ಅವನು ಕಿರೀಟ ಇಳಿಸಿ ಕಾಡಿಗೆ ಹೋಗಬೇಕು. ರಾಜಮುದ್ರೆ ಮಂತ್ರಿಯ ಕೈಗೆ.

ಆಗ ದೊರೆಯಾಗಿದ್ದವನು ಇಂದ್ರಕೀರ್ತಿ. ಹೊಸದಾಗಿ ಪಟ್ಟಕ್ಕೆ ಬಂದ ಹುಡುಗ. ಪಟ್ಟಾಭಿಷೇಕದ ಮರುದಿನ ಗುಡ್ಡ ಹತ್ತಿ ಬಂದು, "ನನ್ನ ಪಟ್ಟಾಭಿಷೇಕ ಹೇಗಿತ್ತು?" ಎಂದು ಪದುಮಲೆಯನ್ನು ಕೇಳಿದ್ದ. ಅವಳು ಎಡಗಣ್ಣು ಮುಚ್ಚಿ, "ಅಜ್ಜಿ ಹೇಳೋ ನಿಮ್ಮ ತಂದೆಯವರ ಪಟ್ಟಾಭಿಷೇಕಕ್ಕಿಂತ ಗಲಾಟೆ ಕಮ್ಮಿ, ನಿಮ್ಮ ಚಿಕ್ಕಪ್ಪನವರ ಮದುವೆಗಿಂತ ಜಾಸ್ತಿ, ಒಡೆಯಾ" ಎಂದಿದ್ದಳು. ದೊರೆ ಪೇಟ ಜಾರುವಷ್ಟು ನಕ್ಕಿದ್ದ. ಆಮೇಲಿಂದ ಆಗಾಗ ಗುಡ್ಡ ಹತ್ತಿ ಬರುವುದು, ಏನಾದರೊಂದು ಕೇಳುವುದು ಅವನಿಗೆ ರೂಢಿಯಾಯಿತು. ಅವನು ಬರುವ ದಿನ ಪದುಮಲೆ ದುರ್ಬೀನನ್ನು ಎರಡು ಸಲ ಒರೆಸುತ್ತಿದ್ದಳು.

ಮಂತ್ರಿಯ ಹೆಸರು ಕಾವಳಯ್ಯ. ಎಲ್ಲಿಂದ ಬಂದನೋ ಯಾರಿಗೂ ಗೊತ್ತಿಲ್ಲ. ಅವನು ಎಂದೂ ಸೂರಿನ ಕೆಳಗೆ ಕೂರುತ್ತಿರಲಿಲ್ಲ. ಸಭೆ ಒಳಗೆ ನಡೆದರೆ ಅವನ ಪೀಠ ಹೊರಗೆ ಅಂಗಳದಲ್ಲಿ. ಮಳೆ ಬಂದರೂ ಕೊಡೆಯಿಲ್ಲದೆ ನೆನೆಯುತ್ತಾ ಕೂರುವನು. "ಎಂಥ ವೈರಾಗ್ಯ!" ಎಂದು ಜನ ಕೈಮುಗಿಯುತ್ತಿದ್ದರು. ಪದುಮಲೆ ಮಾತ್ರ ಇನ್ನೊಂದನ್ನು ಕಂಡಿದ್ದಳು. ಅವನ ಪೇಟದ ನೆತ್ತಿಯಲ್ಲಿ ಒಂದು ತೂತಿತ್ತು. ಅವನ ತಲೆಯ ಮೇಲಿಂದ ಹಾರುವ ಗಿಳಿಗಳು, ಏನೋ ಅಡ್ಡ ಬಂದಂತೆ, ತಟ್ಟನೆ ಪಕ್ಕಕ್ಕೆ ಹೊರಳುತ್ತಿದ್ದವು. ನೋಡಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೇಳದೆ ಮಾತಾಡಿ ಅವಳಿಗೆ ಗೊತ್ತೇ ಇರಲಿಲ್ಲ.

ಹೀಗಿರುವಾಗ ಒಂದು ರಾತ್ರಿ ಪದುಮಲೆ ರಾಯಚುಕ್ಕೆಯನ್ನು ಅಳೆದಳು. ಸಾಕ್ಷಿಯನ್ನು ಅಳೆದಳು. ಮಸಿಗಾಜನ್ನು ಒರೆಸಿದಳು. ಮತ್ತೆ ಅಳೆದಳು, ಮತ್ತೆ ಅದೇ. ರಾಯಚುಕ್ಕೆ ಕೆಳಗೆ, ಸಾಕ್ಷಿ ಮೇಲೆ.

ಕಂಡದ್ದನ್ನು ಹೇಳುವುದು ಅವಳ ಕೆಲಸ. ಬೆಳಿಗ್ಗೆ ಸಭೆಯಲ್ಲಿ ಹೇಳಿದಳು. ಅಂಗಳದಿಂದ ಕಾವಳಯ್ಯ, "ಕಟ್ಟಳೆ ಕಟ್ಟಳೆಯೇ" ಎಂದ, ತುಂಬಾ ಮೆತ್ತಗೆ.

ದೊರೆ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. "ಪದುಮಲೆ, ಇನ್ನೂ ಮೂರು ರಾತ್ರಿ ಅಳೆದು ನೋಡು. ಆಮೇಲೆ ನೀನು ಹೇಳಿದ ಹಾಗೆ."

"ಅಳೆಯಲಿ," ಎಂದ ಕಾವಳಯ್ಯ. "ಆಕಾಶ ಕಂಡರೆ."

ಮೊದಲ ರಾತ್ರಿ ಅವಳು ಕಟ್ಟೆ ಹತ್ತುವಷ್ಟರಲ್ಲಿ ಬಡಗಣ ದಿಕ್ಕಿನಿಂದ ಮೋಡದ ಎಮ್ಮೆಗಳು ಬಂದವು. ಒಂದೊಂದೂ ಒಂದೊಂದು ಕೆರೆಯಷ್ಟು ದೊಡ್ಡದು. ಬಂದು ರಾಯಚುಕ್ಕೆಯ ಮೇಲೇ ಮಗ್ಗುಲಾಗಿ ಮಲಗಿ ಮೆಲುಕು ಹಾಕತೊಡಗಿದವು.

"ಅಕ್ಕಗಳಿರಾ, ಒಂಚೂರು ಸರೀರಿ," ಎಂದಳು ಪದುಮಲೆ.

"ಮಂತ್ರಿ ಮಲಗು ಅಂದ, ಮಲಗಿದ್ದೀವಿ," ಎಂದಿತು ಎದುರಿನ ಎಮ್ಮೆ. "ನಾವು ಏಳೋರಲ್ಲ. ನೀನೇನು ತೂಗೋಳಂತೆ? ಹಾಗಾದ್ರೆ ಹೇಳು, ನಮ್ಮಲ್ಲಿ ಯಾರು ಕಪ್ಪು? ನಾನೇ ತಾನೇ?"

ಪದುಮಲೆ ಎಡಗಣ್ಣು ಮುಚ್ಚಿದಳು. "ನೀವು ನಿಮ್ಮ ಹಿಂದಿರೋರಿಗಿಂತ ಕಪ್ಪು. ಆ ಕೊನೇಲಿ ಮಲಗಿರೋರಿಗಿಂತ ತೆಳು."

"ಅವಳಿಗಿಂತ ನಾನು ತೆಳುವಾ?"

"ಅವಳ ಪಕ್ಕದಲ್ಲಿ ನಿಂತ್ರೆ ಗೊತ್ತಾಗುತ್ತೆ."

ಎಮ್ಮೆ ಧಡಕ್ಕನೆ ಎದ್ದು ಹೋಗಿ ಪಕ್ಕದಲ್ಲಿ ನಿಂತಿತು. ಅದನ್ನು ಕಂಡು ಇನ್ನೊಂದು ಎದ್ದಿತು. "ನನ್ನ ಜಾಗ ಎಲ್ಲಿ? ನನ್ನ ಜಾಗ ಎಲ್ಲಿ?" ಎಂದು ಎಲ್ಲಾ ಎಮ್ಮೆಗಳೂ ಕೂಗಿದವು. ಪದುಮಲೆ ಒಬ್ಬೊಬ್ಬರಿಗೂ ಜಾಗ ಹೇಳಿದಳು. ಬೂದಿಬಣ್ಣದವಳು ಒಂದು ತುದಿ, ಕಾಡಿಗೆಗಪ್ಪಿನವಳು ಇನ್ನೊಂದು ತುದಿ. ಮಂದೆಯೆಲ್ಲ ಉದ್ದಕ್ಕೆ ಸಾಲಾಗಿ ನಿಂತಾಗ ಸಾಲಿನ ಆಚೆ ಈಚೆ ಆಕಾಶ ತೆರೆದುಕೊಂಡಿತು. ಅವಳು ಅಳೆದಳು. ರಾಯಚುಕ್ಕೆ ಕೆಳಗೆ, ಸಾಕ್ಷಿ ಮೇಲೆ.

ಎರಡನೆಯ ರಾತ್ರಿ ಮೋಡವಿರಲಿಲ್ಲ. ಆದರೆ ಚುಕ್ಕೆಗಳೆಲ್ಲ ಗಡಗಡ ನಡುಗುತ್ತಿದ್ದವು. ಮಸಿಗಾಜು ಎಲ್ಲಿಗೆ ಸರಿಸಿದರೂ ಚುಕ್ಕೆ ಮುಳುಗಿತೋ ಇದೆಯೋ ತಿಳಿಯದು. ನೋಡಿದರೆ ದುರ್ಬೀನಿನ ಬಾಯಿಯ ಮುಂದೆಯೇ ಒಂದು ಗಾಳಿಕುದುರೆ ನಿಂತಿತ್ತು. ಅದರ ಮೈಯೆಲ್ಲ ನಡುಗುತ್ತಿತ್ತು.

"ಮಂತ್ರಿ ನಿಲ್ಲು ಅಂದ, ನಿಂತಿದ್ದೀನಿ. ಆದ್ರೆ ನಡುಗು ಅಂತ ಅವನು ಹೇಳಿಲ್ಲಮ್ಮ," ಎಂದಿತು ಕುದುರೆ. "ನನ್ನ ಹೊಟ್ಟೆ ಕೆಳಗೆ ಏನೋ ಸುಡ್ತಾ ಇದೆ."

ಪದುಮಲೆ ಬಗ್ಗಿ ನೋಡಿದಳು. ಕಟ್ಟೆಯ ಮೇಲೆ ಅವಳದೇ ಅಗ್ಗಿಷ್ಟಿಕೆ. ಚಳಿಗೆಂದು ಅಜ್ಜಿ ತುಂಬಿಟ್ಟ ಕೆಂಡದ ಬಿಸಿ ನೇರ ಮೇಲೇರುತ್ತಿತ್ತು. ಅವಳು ಕೆಂಡದ ಮೇಲೆ ಮಣ್ಣು ಸುರಿದಳು. ಕಟ್ಟೆಗೆ ತಣ್ಣೀರು ಎರಚಿದಳು. ಹೊದ್ದಿದ್ದ ಕಂಬಳಿಯನ್ನೂ ಕುದುರೆಯ ಬೆನ್ನಿಗೆ ಹೊದಿಸಿ, ತಾನು ಮುದುರಿಕೊಂಡು ಕಾದಳು. ಕಲ್ಲು ಆರಿತು. ಕುದುರೆಯ ನಡುಕ ನಿಂತಿತು. ಅದು ನಿಂತ ನಿಲುವಿನಲ್ಲೇ ನಿದ್ದೆಹೋಯಿತು. ಕುದುರೆಯ ತಿಳಿಮೈಯ ಮೂಲಕ ಚುಕ್ಕೆಗಳು ಮೊಳೆ ಹೊಡೆದಂತೆ ನಿಂತವು. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳು ಅಳೆದಳು. ರಾಯಚುಕ್ಕೆ ಕೆಳಗೆ, ಸಾಕ್ಷಿ ಮೇಲೆ.

ಮೂರನೆಯ ರಾತ್ರಿ ಎಮ್ಮೆಯೂ ಇಲ್ಲ, ಕುದುರೆಯೂ ಇಲ್ಲ. ತೊಳೆದಿಟ್ಟಂಥ ಆಕಾಶ. ಅಳತೆ ಮಾತ್ರ ಅದೇ. ಪದುಮಲೆ ದುರ್ಬೀನಿಗೆ ಹಣೆ ಆನಿಸಿ ಅಳುತ್ತಿದ್ದಾಗ ಯಾರೋ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಎಮ್ಮೆ, ಕುದುರೆಗಳಿಗಿಂತ ಕಷ್ಟದ ಪರೀಕ್ಷೆ ಅದು. ಬಂದವರು ರಾಜಮಾತೆ. ಕೈಯಲ್ಲಿ ಬೆಳ್ಳಿಯ ಬೋಗುಣಿ.

"ಹುಗ್ಗಿ ತಂದಿದ್ದೀನಿ, ತಿನ್ನು ಮಗಳೇ," ಎಂದರು. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತರು. "ಈ ದುರ್ಬೀನಿಗೆ ಕಣ್ಣಿಡೋಕೆ ಇಡೀ ರಾಜ್ಯದಲ್ಲಿ ನಿಮ್ಮಿಬ್ಬರನ್ನ ಬಿಟ್ಟು ಯಾರಿಗೂ ಬರೋದಿಲ್ಲ. ನಾಳೆ ಸಭೇಲಿ ಸರಿಹೋಗಿದೆ ಅಂದ್ಬಿಡು. ಯಾರು ಬಂದು ನೋಡ್ತಾರೆ? ಒಂದು ಮಾತು ತಾಯಿ, ಒಂದೇ ಒಂದು ಮಾತು. ನನಗಿರೋನು ಅವನೊಬ್ಬ."

ಹೇಳಿಬಿಡಲು ಪದುಮಲೆಗೂ ಆಸೆಯಿತ್ತು, ರಾಜಮಾತೆಗಿಂತ ಒಂದು ಕೈ ಕಮ್ಮಿಯಿರಬಹುದು, ಬೇರೆ ಎಲ್ಲರಿಗಿಂತ ಹೆಚ್ಚು.

"ಇಲ್ಲಮ್ಮಾ," ಎಂದಳು. "ಇವತ್ತು ಒಳ್ಳೇದಕ್ಕೆ ಸುಳ್ಳು ಹೇಳಿದ್ರೆ, ನಾಳೆ ನಾನು ನಿಜ ಹೇಳಿದಾಗ ನೀವೇ ನಂಬೋದಿಲ್ಲ."

ರಾಜಮಾತೆ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಹುಗ್ಗಿಯಾದ್ರೂ ತಿನ್ನು. ಆರಿಹೋಗುತ್ತೆ," ಎಂದರು. ಪದುಮಲೆ ಒಂದು ತುತ್ತು ಬಾಯಿಗಿಟ್ಟಳು.

"ಹೇಗಿದೆ?"

ಎಡಗಣ್ಣು ತಾನಾಗಿಯೇ ಮುಚ್ಚಿತು. "ನಮ್ಮಜ್ಜಿ ಮಾಡೋದಕ್ಕಿಂತ ಸಿಹಿ. ಸಂಕ್ರಾಂತಿದಿನ ಅರಮನೇಲಿ ಕೊಟ್ಟಿದ್ದಕ್ಕಿಂತ..."

ಮಾತು ಅಲ್ಲೇ ನಿಂತಿತು. ತುತ್ತು ಬಾಯಲ್ಲೇ ಉಳಿಯಿತು.

"ಯಾಕೆ, ಕಲ್ಲು ಸಿಕ್ಕಿತಾ?" ಎಂದು ರಾಜಮಾತೆ ಗಾಬರಿಯಾದರು.

"ಅಮ್ಮಾ, ಹುಗ್ಗಿಗೆ ನಾನು ಎರಡು ಸಾಕ್ಷಿ ಹುಡುಕ್ತೀನಿ. ದೊರೆಗಳಿಗೆ ಒಂದೇ ಸಾಕ್ಷಿ ಸಾಕು ಅಂದ್ಕೊಂಡಿದ್ದೀವಲ್ಲ!"

ಅವಳು ಒಳಗೆ ಓಡಿಹೋಗಿ ಅಜ್ಜಿಯನ್ನು ಅಲುಗಾಡಿಸಿ ಎಬ್ಬಿಸಿದಳು. "ಅಜ್ಜೀ, ನೀನು ಚಿಕ್ಕವಳಿದ್ದಾಗ ಅವಳಿಚುಕ್ಕೆ ಆಟ ಆಡ್ತಿದ್ದೆ ಅಂತಿದ್ದೆಯಲ್ಲ, ಯಾವ ಚುಕ್ಕೆಗಳು ಅವು?"

"ಈ ಹೊತ್ತಲ್ಲಿ ಆಟ ಆಡ್ಬೇಕಾ ನಿನಗೆ? ರಾಯಚುಕ್ಕೆ, ಮೂಗುತಿಚುಕ್ಕೆ," ಎಂದಳು ಜಕ್ಕವ್ವಜ್ಜಿ ಆಕಳಿಸುತ್ತಾ. "ಎರಡೂ ಒಂದೇ ಬೆಳಕು. ಕಣ್ಣು ಮುಚ್ಚಿ ಗಿರಗಿರ ತಿರುಗಿ, ಕಣ್ಣು ಬಿಟ್ಟು ರಾಯಚುಕ್ಕೆ ಯಾವುದು ಹೇಳು ಅನ್ನೋದು. ಎಲ್ಲರೂ ಸೋಲೋರು."

ಪದುಮಲೆ ಮೂಗುತಿಚುಕ್ಕೆಯನ್ನು ಅಳೆದಳು, ರಾಯಚುಕ್ಕೆಯನ್ನು ಅಳೆದಳು. ಎರಡೂ ಒಂದೇ ಗೆರೆಗೆ ಮುಳುಗಿದವು. ಸುತ್ತಲಿನ ಇನ್ನಷ್ಟು ಚುಕ್ಕೆಗಳನ್ನು ಅಳೆದಳು. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ರಾಯಚುಕ್ಕೆ ಒಂದು ಎಳ್ಳಿನಷ್ಟೂ ಕುಂದಿರಲಿಲ್ಲ.

"ಹಾಗಾದ್ರೆ ಸಾಕ್ಷಿನೇ ಹೆಚ್ಚಿದೆ," ಎಂದಳು ಜಕ್ಕವ್ವಜ್ಜಿ. ಅವಳ ನಿದ್ದೆ ಹಾರಿಹೋಗಿತ್ತು. "ಅಯ್ಯೋ ಶಿವನೇ. ನಮ್ಮ ಮನೇಲಿ ಒಬ್ಬರೂ ಅದನ್ನ ತೂಗಿ ನೋಡ್ಲಿಲ್ಲವಲ್ಲೇ! ತಕ್ಕಡಿ ಬೊಟ್ಟನ್ನ ತೂಗೋರು ಯಾರು ಅಂತ ಬಿಟ್ಟುಬಿಟ್ವಿ."

ಪದುಮಲೆ ಸಾಕ್ಷಿಯಿಂದ ಕಣ್ಣು ತೆಗೆಯದೆ ಕೂತಳು. ಬೋಗುಣಿಯ ಹುಗ್ಗಿ ಆರುವಷ್ಟರಲ್ಲಿ ಸಾಕ್ಷಿ ಉಬ್ಬಿತು. ತಗ್ಗಿತು. ಮತ್ತೆ ಉಬ್ಬಿತು, ಈ ಸಲ ಕೊಂಚ ಕಮ್ಮಿ. ಮತ್ತೆ ತಗ್ಗಿತು. ತಗ್ಗಿದಾಗಲೂ ಅದು ರಾಯಚುಕ್ಕೆಗಿಂತ ಮೇಲೇ ಇತ್ತು. ಯಾವುದೋ ಉದ್ದನೆಯ ವಸ್ತು ಮಗ್ಗುಲು ತೋರಿಸಿ, ತುದಿ ತೋರಿಸಿ, ಮತ್ತೊಂದು ಮಗ್ಗುಲು ತೋರಿಸಿ ಹೊರಳಿದ ಹಾಗೆ. ಕಣ್ಣು ನೋಯುವಷ್ಟು ನೋಡಿದಾಗ ಕಂಡಿತು: ಸಾಕ್ಷಿಚುಕ್ಕೆಯ ಮಗ್ಗುಲಿಗೇ ಅಂಟಿಕೊಂಡಂತೆ ಒಂದು ಕಲ್ಲು. ಕಡಲೆಕಾಯಿಯಂತೆ ನಡುವೆ ಸಣ್ಣ, ತುದಿಗಳಲ್ಲಿ ದಪ್ಪ. ಬಿಸಿಲು ಬಿದ್ದು ಹೊಳೆಯುತ್ತಾ ನಿಂತಲ್ಲೇ ಉರುಳುತ್ತಿತ್ತು.

ಅವಳು ದುರ್ಬೀನಿಗೆ ಬಾಯಿಟ್ಟು ಕೂಗಿದಳು. ದೂರದ್ದನ್ನು ಹತ್ತಿರ ತರುವ ಕೊಳವೆ ಹತ್ತಿರದ್ದನ್ನು ದೂರಕ್ಕೂ ಒಯ್ಯುತ್ತದೆ. "ಯಾರು ನೀವು?"

ಕೊಳವೆಯಲ್ಲಿ ಗರಗರ ದನಿ ಬಂತು. "ಅಲೆಮಾರಿ ಕಲ್ಲು ಕಣಮ್ಮಾ. ಸೂರ್ಯನ ಸುತ್ತ ಅಲೆಯೋ ಕುಲ ನಮ್ಮದು. ಹೀಗೆ ಹೋಗ್ತಾ ಇದ್ದೆ, ಯಾರೋ ಉದ್ದನೇ ಕೂದಲು ಬೀಸಿ ಸೊಂಟಕ್ಕೆ ಸುತ್ತಿ ಈ ಚುಕ್ಕೆಗೆ ಗಂಟು ಹಾಕಿಬಿಟ್ಟರು. ಕಟ್ಟಿದ ಜಾಗದಲ್ಲಿ ಉರುಳಿ ಉರುಳಿ ತಲೆ ಸುತ್ತು."

"ಗಂಟು ಬಿಚ್ಚೋದು ಹೇಗೆ?"

"ಮಾಯದ ಗಂಟು. ಕೆಳಗಿನ ಸಭೆಯಲ್ಲಿ ಒಬ್ಬನೇ ಒಬ್ಬ ನನ್ನನ್ನು ಚುಕ್ಕೆ ಅಂದ್ಕೊಂಡಿದ್ರೂ ಬಿಚ್ಚೋದಿಲ್ಲ."

ಕೂದಲು ಎಂಬ ಮಾತು ಕೇಳಿದಾಗ ಪದುಮಲೆಗೆ ಪೇಟದ ತೂತು ನೆನಪಾಯಿತು. ಹೊರಳುವ ಗಿಳಿಗಳು ನೆನಪಾದವು.

ಮರುದಿನ ಸಂಜೆ ರಾಜಮಾತೆಯ ಅಪ್ಪಣೆಯಂತೆ ಸಭೆಯೇ ಗುಡ್ಡದ ಮೇಲೆ ಸೇರಿತು. ಅಲ್ಲಿ ಸೂರಿಲ್ಲವಾದ್ದರಿಂದ ಕಾವಳಯ್ಯ ಎಲ್ಲರ ನಡುವೆಯೇ ಆರಾಮಾಗಿ ಕೂತ. ಚುಕ್ಕೆಗಳು ಮೂಡಿದವು. ಪದುಮಲೆ ಎದ್ದು ನಿಂತು ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳಮ್ಮ," ಎಂದ ಮುದಿ ದಳವಾಯಿ. "ಕುದುರೆಗಳಿಗೆ ಕೂಗಿ ಕೂಗಿ ನನ್ನ ಕಿವಿ ಹೋಗಿದೆ."

ಜನ ನಕ್ಕರು. ಪದುಮಲೆಯ ಮುಖ ಕೆಂಪಾಯಿತು. ಅವಳು ದೊರೆಯ ಕಡೆ ನೋಡಿದಳು. ಅವನು ಆಗಲೇ ಕಿರೀಟ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ. ಅದನ್ನು ಕಂಡಿದ್ದೇ ಅವಳಿಗೆ ಎಲ್ಲಿಂದಲೋ ದನಿ ಬಂತು.

"ರಾಯಚುಕ್ಕೆ ಕುಂದಿಲ್ಲ! ಸಾಕ್ಷಿ ಸುಳ್ಳಾಡ್ತಾ ಇದೆ! ನನ್ನ ಮಾತು ನಂಬಬೇಡಿ, ಬಂದು ನೋಡಿ!"

ಗುಡ್ಡದ ಕೆಳಗೆ ಕಟ್ಟಿದ್ದ ಆನೆ ಬೆಚ್ಚಿ ಘೀಳಿಟ್ಟಿತು.

ಒಬ್ಬೊಬ್ಬರಾಗಿ ಬಂದರು. ದಳವಾಯಿ ತಪ್ಪು ತುದಿಗೆ ಕಣ್ಣಿಟ್ಟು, "ನನ್ನ ಮೂಗೇ ಕಾಣ್ತಿದೆಯಲ್ಲ," ಎಂದ. ಅಜ್ಜಿ ಅವನ ತೋಳು ಹಿಡಿದು ತಿರುಗಿಸಿದಳು. ನೋಡಿದವರೆಲ್ಲ ಹೇಳತೊಡಗಿದರು: "ಹೆಚ್ಚಿತು. ಕಮ್ಮಿಯಾಯ್ತು. ಹೆಚ್ಚಿತು. ಕಮ್ಮಿಯಾಯ್ತು." ಭತ್ತ ಕುಟ್ಟುವ ಹಾಡಿನಂತೆ ಸಭೆಯ ಮೇಲೆಲ್ಲ ಆ ಮಾತು ಹರಡಿತು.

"ಇದೇನು ಮಹಾ!" ಎಂದ ಕಾವಳಯ್ಯ. "ಕಣ್ಣು ಮಿಟುಕಿಸಿದರೆ ಎಲ್ಲ ಚುಕ್ಕೆಯೂ ಹೆಚ್ಚು ಕಮ್ಮಿಯಾಗುತ್ತದೆ."

"ಹಾಗಾದ್ರೆ ಮೂಗುತಿಚುಕ್ಕೆಯನ್ನೂ ನೋಡಿ ಸ್ವಾಮಿ. ಕಣ್ಣು ನಿಮ್ಮದೇ."

ಜನ ಮೂಗುತಿಚುಕ್ಕೆಯನ್ನು ನೋಡಿದರು. ಅದು ಅಲುಗದೆ ಉರಿಯುತ್ತಿತ್ತು. ಮತ್ತೆ ಸಾಕ್ಷಿಯ ಕಡೆ ನೋಡಿದರು. ಉರುಳುವ ಕಡಲೆಕಾಯಿ ಈಗ ಎಲ್ಲರಿಗೂ ಕಂಡಿತು. "ಕಲ್ಲು!" ಎಂದ ದಳವಾಯಿ. "ಕಲ್ಲು!" ಎಂದರು ರಾಜಮಾತೆ. ಸಭೆಯೆಲ್ಲ ಹೇಳಿತು. ಆದರೂ ಗಂಟು ಬಿಚ್ಚಲಿಲ್ಲ. ಕಾವಳಯ್ಯ ಮೀಸೆಯಲ್ಲೇ ನಗುತ್ತಿದ್ದ.

ಪದುಮಲೆ ಸುತ್ತ ನೋಡಿದಳು. ದೊರೆ ಕೂತಲ್ಲಿಂದ ಎದ್ದಿರಲಿಲ್ಲ.

"ಒಡೆಯಾ, ನೀವು ನೋಡಲಿಲ್ಲ."

"ಏನು ನೋಡಲಿ ಪದುಮಲೆ? ನೀನು ಕುಂದಿದೆ ಅಂದ ದಿನವೇ ನಾನು ನಂಬಿಬಿಟ್ಟೆ. ನನಗೂ ಒಳಗೊಳಗೇ ಹಾಗೇ ಅನ್ನಿಸ್ತಿತ್ತು. ಅಪ್ಪನ ಮುಂದೆ ನಾನೇನು ಅಂತ."

"ಅದೂ ಒಂದೇ ಸಾಕ್ಷಿ," ಎಂದಳು ಪದುಮಲೆ. ಈ ಸಲ ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. "ಬನ್ನಿ."

ಇಂದ್ರಕೀರ್ತಿ ಎದ್ದು ಬಂದ. ದುರ್ಬೀನಿಗೆ ಕಣ್ಣಿಟ್ಟ. ಕಲ್ಲು ಮಗ್ಗುಲು ತೋರಿಸಿತು, ತುದಿ ತೋರಿಸಿತು, ಮಗ್ಗುಲು ತೋರಿಸಿತು. ಆಮೇಲೆ ಅವನು ದುರ್ಬೀನನ್ನು ತನ್ನ ಚುಕ್ಕೆಯ ಕಡೆ ತಿರುಗಿಸಿದ. ಪಕ್ಕದ ಮೂಗುತಿಯನ್ನು ನೋಡಿದ. ಯಾವುದು ಯಾವುದೆಂದು ಒಂದು ಕ್ಷಣ ಅವನಿಗೇ ತಿಳಿಯಲಿಲ್ಲ. ತುಂಬಾ ದಿನಗಳ ಮೇಲೆ ಅವನ ಮುಖದಲ್ಲಿ ನಗು ಬಂತು.

"ಅದು ಬರೀ ಕಲ್ಲು," ಎಂದ.

ಆಕಾಶದಲ್ಲಿ ಟಣ್ಣೆಂದು ಸದ್ದಾಯಿತು. ಗಂಟು ಬಿಚ್ಚಿತು. "ಬದುಕಿದೆ!" ಎಂದು ಅಲೆಮಾರಿ ಕಲ್ಲು ಕೂಗಿ ತನ್ನ ಹಳೆಯ ದಾರಿ ಹಿಡಿದು ಹೊರಟಿತು. ಅದರ ಸೊಂಟಕ್ಕೆ ಸುತ್ತಿದ ಕೂದಲೂ ಜೊತೆಗೇ ಹೊರಟಿತು. ಕೂದಲಿನ ಇನ್ನೊಂದು ತುದಿಯಿದ್ದದ್ದು ಕಾವಳಯ್ಯನ ಜುಟ್ಟಿನಲ್ಲಿ.

"ನಿಲ್ಲು, ನಿಲ್ಲು!" ಎಂದು ಕಾವಳಯ್ಯ ಪೇಟ ಒತ್ತಿ ಹಿಡಿದುಕೊಂಡ. ಪೇಟ ಕೈಯಲ್ಲೇ ಉಳಿಯಿತು. ಅವನು ಮೇಲೇರುತ್ತಾ ಬುಡ್ಡಿದೀಪದಷ್ಟಾದ, ಮಿಣುಕುಹುಳದಷ್ಟಾದ, ಆಮೇಲೆ ಕಾಣದಾದ. ಬಹಳ ವರ್ಷಕ್ಕೊಮ್ಮೆ, ಬಿಚ್ಚಿದ ಜುಟ್ಟನ್ನು ಹಿಂದೆ ಹರಡಿಕೊಂಡು, ಆಕಾಶದಲ್ಲಿ ಹಾದುಹೋಗುವ ಬಾಲದ ಚುಕ್ಕೆ ಅವನೇ.

ಸಾಕ್ಷಿ ತನ್ನ ಹಳೆಯ ಬೆಳಕಿಗೆ ಇಳಿಯಿತು. ದೊರೆ ಕಿರೀಟ ಇಟ್ಟುಕೊಂಡ. ಒಂದೇ ಸಾಕ್ಷಿ ನಂಬಿ ಯಾರನ್ನೂ ಯಾವುದರಿಂದಲೂ ಇಳಿಸಬಾರದೆಂದು ಕಟ್ಟಳೆ ತಿದ್ದಿಸಿದ. ಎಮ್ಮೆಗಳು ಸರಿಯಾದ ಕಾಲಕ್ಕೆ ಬಂದು ಮಳೆ ಕರೆದವು. ಗಾಳಿಕುದುರೆ ಕಂಬಳಿ ವಾಪಸು ಕೊಡಲು ಬಂದು ಗುಡ್ಡದಲ್ಲೇ ಉಳಿಯಿತು. ಜಕ್ಕವ್ವಜ್ಜಿ ಊರ ಮಕ್ಕಳಿಗೆಲ್ಲ ದುರ್ಬೀನು ಹಿಡಿಯುವುದನ್ನು ಕಲಿಸಿದಳು. ಹೊಂಬೆಳಗಿನ ಜನ ಅಲ್ಲಿ ಸುಖವಾಗಿದ್ದರು, ಮುಂಚಿಗಿಂತ ಹೆಚ್ಚು ಸುಖವಾಗಿ.

ಒಂದು ಸಂಜೆ ಇಂದ್ರಕೀರ್ತಿ ಗುಡ್ಡ ಹತ್ತಿ ಬಂದ. ಪದುಮಲೆ ಆಗಲೇ ದುರ್ಬೀನನ್ನು ಎರಡನೆಯ ಸಲ ಒರೆಸುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತರು. ಮೊದಲು ಮೂಗುತಿಚುಕ್ಕೆ ಮೂಡಿತು, ಆಮೇಲೆ ಅದರ ಅವಳಿ. ಅಥವಾ ಮೊದಲು ಅವಳಿ ಮೂಡಿತೋ ಏನೋ.

"ಪದುಮಲೆ, ಒಂದು ಕೇಳ್ತೀನಿ," ಎಂದ. "ನಾನು ಹೇಗಿದ್ದೀನಿ?"

ಅವಳು ಎಡಗಣ್ಣು ಮುಚ್ಚಿದಳು.

"ಹಾಗಲ್ಲ," ಎಂದ ಅವನು, ನಗುತ್ತಾ. "ಅಪ್ಪನ ಪಕ್ಕದಲ್ಲಿ ಇಡಬೇಡ, ಚಿಕ್ಕಪ್ಪನ ಪಕ್ಕದಲ್ಲೂ ಬೇಡ. ಒಂದೇ ಒಂದು ಸಲ, ಯಾವುದಕ್ಕೂ ಹೋಲಿಸದೆ, ಬರೀ ನನ್ನನ್ನು ನೋಡಿ ಹೇಳು."

ಪದುಮಲೆ ಮುಚ್ಚಿದ ಎಡಗಣ್ಣನ್ನು ಮೆಲ್ಲಗೆ ತೆರೆದಳು.